ನೀರು ನೋಡುವ ಸೊಸೆ ಮಾತು ಕಲಿತಳು

ನಮ್ಮ ಬೀದಿಯ ನಲ್ಲಿಗಳಲ್ಲಿ ಆಗಾಗ ಮಣ್ಣಿನ ಬಣ್ಣದ ನೀರು ಬರುತ್ತದೆ. ರಸ್ತೆ ಅಗೆದಾಗ ಬರುತ್ತದೆ, ಮಳೆ ಜೋರಾದಾಗ ಬರುತ್ತದೆ, ಕೆಲವು ಸಲ ಯಾವ ಕಾರಣವೂ ಇಲ್ಲದೆ ಸುಮ್ಮನೆ ಬರುತ್ತದೆ. ಬಂದ ಕೂಡಲೇ ಅಕ್ಕಪಕ್ಕದವರು ಲೋಟದಲ್ಲಿ ಆ ನೀರು ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಇದನ್ನ ಕುಡೀಬಹುದಾ?" ಅಂತ ಎಲ್ಲರದೂ ಒಂದೇ ಪ್ರಶ್ನೆ. ಯಾಕೆಂದರೆ ನೀರು ಪರೀಕ್ಷೆ ಮಾಡುವವಳು ನಮ್ಮ ಮನೆಯಲ್ಲಿದ್ದಾಳೆ. ನನ್ನ ಸೊಸೆ.

ಅತ್ತೆಯ ಬಾಯಲ್ಲಿ ಸೊಸೆಯ ಹೊಗಳಿಕೆ ಕೇಳಿ ನಿಮಗೆ ಅನುಮಾನ ಬಂದರೆ ಬರಲಿ, ನಾನಂತೂ ಹೊಗಳುವುದನ್ನು ನಿಲ್ಲಿಸುವುದಿಲ್ಲ. ವರ್ಷಗಟ್ಟಲೆ ಹೊಲಿಗೆ ತರಗತಿ ನಡೆಸಿದವಳು ನಾನು. ಯಾರ ಕೈಯಲ್ಲಿ ಕಸುಬಿದೆ, ಯಾರದು ಬರೀ ಬಾಯಿ ಅಂತ ನೋಡಿದ ಕೂಡಲೇ ಹೇಳಬಲ್ಲೆ. ನನ್ನ ಸೊಸೆಯ ಕೈಯಲ್ಲಿ ಕಸುಬಿತ್ತು. ಕೊರತೆ ಇದ್ದದ್ದು ಬಾಯಲ್ಲಿ.

ಅವಳು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯ ಪರೀಕ್ಷಕಿ. ಬೆಳಿಗ್ಗೆ ತಣ್ಣಗಿನ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಬಾಟಲಿ ತುಂಬಿಕೊಂಡು ಹೊರಡುತ್ತಾಳೆ. ಟ್ಯಾಂಕು, ಶಾಲೆ, ಆಸ್ಪತ್ರೆ, ಎಲ್ಲಿಂದಲೋ ನೀರು ತರುತ್ತಾಳೆ, ಅದರಲ್ಲಿ ಏನೇನು ಸೇರಿದೆ ಅಂತ ನೋಡುತ್ತಾಳೆ. ಬೀದಿಯವರು ಅವಳನ್ನು 'ಬಾಟ್ಲಿ ಮೇಡಂ' ಅನ್ನುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ಕೇಳಿ ಏನೇನೋ ಅಂದುಕೊಂಡು ನನ್ನ ಮುಖ ನೋಡುತ್ತಾರೆ. ಅವರಿಗೆಲ್ಲ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿನದು.

ಅವಳ ಕಸುಬಿನಲ್ಲಿ ಒಂದು ಕಟ್ಟುನಿಟ್ಟು. ಪುರಾವೆ ಮೊದಲು, ತೀರ್ಮಾನ ಕೊನೆಗೆ. ಮಾದರಿ ಎಲ್ಲಿ ತೆಗೆದದ್ದು, ಯಾವ ಹೊತ್ತಿನಲ್ಲಿ, ಬಾಟಲಿ ಹೇಗೆ ತೊಳೆದದ್ದು, ಎಷ್ಟು ಬಿಸಿಯಲ್ಲಿ ಇಟ್ಟದ್ದು, ಇದೆಲ್ಲ ಹೇಳಿದ ಮೇಲೇ ನೀರು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಮಾತು. ಅವಳಿಗೆ ಪಾಠ ಹೇಳಿದ ಗುರುಗಳು ಹಾಗೆ ಪಳಗಿಸಿದ್ದರು. ಲ್ಯಾಬಿನೊಳಗೆ ಅದು ಸರಿಯೇ. ಆದರೆ ನಮ್ಮವಳು ಮನೆಯಲ್ಲೂ ಹಾಗೇ ಮಾತಾಡುತ್ತಿದ್ದಳು. ಒಂದು ದಿನ ಕೆಲಸಕ್ಕೆ ಹೋಗಿ ಅಲ್ಲಿಂದ ನನಗೆ ಫೋನ್ ಮಾಡಿದಳು.

"ಅತ್ತೆ, ಬೆಳಿಗ್ಗೆ ನಾನೆದ್ದಾಗ ಸಣ್ಣ ಪಾತ್ರೆ ತೊಳೆದಿರಲಿಲ್ಲ. ಅದಕ್ಕೆ ಹಾಲನ್ನ ದೊಡ್ಡ ಪಾತ್ರೆಗೆ ಹಾಕ್ದೆ. ಅಷ್ಟರಲ್ಲಿ ಲ್ಯಾಬಿಂದ ಫೋನ್ ಬಂತು. ಪೆಟ್ಟಿಗೆ ಮುಚ್ಚಳ ಬೇರೆ ಸಿಕ್ಕಿರಲಿಲ್ಲ, ಅದನ್ನ ಹುಡುಕ್ತಾ..."

ಅಷ್ಟು ಹೊತ್ತಿಗೆ ಅಡುಗೆಮನೆಯಿಂದ ಹೊಗೆ ಬಂದು ನನ್ನ ಕಣ್ಣು ಉರಿಯುತ್ತಿತ್ತು. "ಒಲೆ ಆರ್ಸಿ ಅನ್ನೋಕೆ ಎರಡು ಮಾತು ಸಾಲ್ದೇನೇ ತಾಯಿ?" ಅಂದೆ. "ಕಾರಣ ಹೇಳ್ದೆ ಹೇಗೆ ಅತ್ತೆ?" ಅಂದಳು. ಸುಟ್ಟ ಪಾತ್ರೆ ತಿಕ್ಕುವಾಗ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು.

ಮುಂದಿನ ಸಲ ನಗುವಂಥದ್ದು ಆಗಲಿಲ್ಲ.

ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನ ನೀರಿನಲ್ಲಿ ಚರಂಡಿ ನೀರು ಸೇರಿದೆ ಅಂತ ಅವಳಿಗೆ ಪರೀಕ್ಷೆಯಲ್ಲಿ ಗೊತ್ತಾಯಿತು. ನೀರು ಸರಬರಾಜು ಕಚೇರಿಯ ಇಂಜಿನಿಯರಿಗೆ ತಕ್ಷಣ ಫೋನ್ ಮಾಡಿದಳು. "ಸರ್, ನಮಸ್ಕಾರ. ಮೊನ್ನೆ ಬೆಳಿಗ್ಗೆ ನೆಲಮಹಡಿಯ ನಲ್ಲಿಯಿಂದ ತೆಗೆದ ಮಾದರಿ ಬಗ್ಗೆ. ಬಾಟಲಿ ನಾವೇ ಶುದ್ಧ ಮಾಡಿದ್ದು. ತಂದಾಗ ನೀರಿನ ಉಷ್ಣಾಂಶ ನೋಡಿದ್ವಿ..." ಅಂತ ಶುರು ಮಾಡಿದಳು. ಆ ಮನುಷ್ಯನ ಎದುರು ಹತ್ತು ಜನ ನಿಂತಿದ್ದರಂತೆ. "ಮೇಡಂ, ಮೀಟಿಂಗಲ್ಲಿದ್ದೀನಿ. ರಿಪೋರ್ಟ್ ಕಳ್ಸಿಬಿಡಿ, ನೋಡ್ತೀನಿ" ಅಂತ ಫೋನ್ ಇಟ್ಟರು. ಅವರು ನೋಡಿದ್ದು ಮರುದಿನ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಅರ್ಧ ಜನ ವಾಂತಿಭೇದಿಯಿಂದ ನರಳುತ್ತಿದ್ದರು. ಇಬ್ಬರು ಮಕ್ಕಳಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕಾಯಿತು.

ಎಲ್ಲರೂ ಹುಷಾರಾಗಿ ಮನೆಗೆ ಬಂದರು. ಆದರೆ ನನ್ನ ಸೊಸೆ ಅವತ್ತು ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕುಸಿದು ಕೂತಳು.

"ನಂಗೆ ಗೊತ್ತಿತ್ತು ಅತ್ತೆ. ಗೊತ್ತಿದ್ದೂ ಮಕ್ಕಳು ಆಸ್ಪತ್ರೆ ಸೇರಿದ್ರು."

ನಾನು ಅವಳ ಕೈಹಿಡಿದು ಪಕ್ಕದಲ್ಲಿ ಕೂತೆ.

ಲ್ಯಾಬಿನ ಮುಖ್ಯಸ್ಥರು ಅವಳನ್ನು ಬೈಯಲಿಲ್ಲ. ಎಲ್ಲರನ್ನೂ ಕರೆದು ಹೊಸ ಪದ್ಧತಿ ಹೇಳಿದರು. ಇನ್ನು ಮೇಲೆ ಪರೀಕ್ಷೆ ಮಾಡಿದವರೇ ಫಲಿತಾಂಶವನ್ನೂ ಹೇಳಬೇಕು. ಇಂಜಿನಿಯರು, ಆಸ್ಪತ್ರೆಯ ಡಾಕ್ಟರು ಎಲ್ಲರೂ ವಿಡಿಯೋ ಕಾಲಿನಲ್ಲಿ ಕೂಡುತ್ತಾರೆ, ಅವರ ಮುಂದೆ ಹೇಳಬೇಕು. ಅಂಕಿಅಂಶವನ್ನು ಕಂಪ್ಯೂಟರಿನ ಹೊಸ ತಂತ್ರಾಂಶಕ್ಕೆ ಹಾಕಿ ಗೆರೆ ಎಳೆದು ತೋರಿಸಬೇಕು. ಬಾರದವರಿಗೆ ಕಲಿಸುವ ವ್ಯವಸ್ಥೆಯಿದೆ, ಕೆಲಸದ ವೇಳೆಯಲ್ಲೇ ಕಲಿಯಬಹುದು.

ಇದನ್ನು ಕೇಳಿ ಬಂದ ನನ್ನ ಸೊಸೆ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. "ಸೋಮವಾರ ಹೋಗಿ ನನ್ನನ್ನ ಉಗ್ರಾಣಕ್ಕೆ ಹಾಕಿ ಅಂತ ಕೇಳ್ಕೊತೀನಿ. ಬಾಟಲಿ, ಔಷಧಿ ಡಬ್ಬಿ ಜೋಡಿಸ್ಕೊಂಡು ಇರ್ತೀನಿ. ಅಲ್ಲಿ ಯಾರಿಗೂ ಏನೂ ಹೇಳ್ಬೇಕಾಗಿಲ್ಲ."

ಊರಿನ ನೀರನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಆ ಲ್ಯಾಬಿನಲ್ಲಿ ಇನ್ನೊಬ್ಬರಿಲ್ಲ. ಅಂಥವಳು ಡಬ್ಬಿ ಜೋಡಿಸಲು ಹೊರಟಿದ್ದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ನನ್ನ ಮಗನಾದರೂ ಬುದ್ಧಿ ಹೇಳುತ್ತಾನೆ ಅಂದುಕೊಂಡೆ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. "ಒಳ್ಳೇದೇ ಆಯ್ತು ಬಿಡು" ಅಂದ ಮಹಾನುಭಾವ. "ಈ ವಯಸ್ಸಲ್ಲಿ ಮತ್ತೆ ತರಗತೀಲಿ ಹೋಗಿ ಕೂರೋಕಾಗುತ್ತಾ? ನೀರು ಪರೀಕ್ಷೆ ಮಾಡೋರು ನೀರು ಪರೀಕ್ಷೆ ಮಾಡ್ಬೇಕು. ಭಾಷಣ ಮಾಡೋಕೆ ಬೇರೆಯವರಿದ್ದಾರೆ."

"ಹೌದೇನೋ ಮೇಷ್ಟ್ರೇ?" ಅಂದೆ. "ನಿನ್ನ ತರಗತೀಲಿ ಹುಡುಗ್ರು 'ನಮಗೆ ಕಲಿಯೋಕಾಗಲ್ಲ' ಅಂದ್ರೆ ಏನ್ ಮಾಡ್ತೀಯ?"

"ಮಕ್ಕಳ ವಿಷ್ಯ ಬೇರೆ ಅಮ್ಮ."

"ಏನು ಬೇರೆ? ಅವರಿಗೆ ಬೆನ್ನುನೋವು ಬರಲ್ಲ, ಅಷ್ಟೇ ತಾನೆ?"

ಮಗ ತಟ್ಟೆ ನೋಡತೊಡಗಿದ. ಪಾಠವನ್ನು ವಿಡಿಯೋ ಮಾಡಿ ಮಕ್ಕಳಿಗೆ ಕಳಿಸುವುದು ಹೇಗೆ ಅಂತ ಅವನ ಶಾಲೆಯಲ್ಲೂ ತರಬೇತಿ ಇಟ್ಟಿದ್ದರು. ಪ್ರತಿ ಸಲ ತರಬೇತಿಯ ದಿನ ಸರಿಯಾಗಿ ಅವನಿಗೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಮೇಷ್ಟ್ರಿಗೆ ಕಲಿಸುವುದು ಎಷ್ಟು ಇಷ್ಟವೋ ಕಲಿಯುವುದು ಅಷ್ಟೇ ಕಷ್ಟ.

ಮಾರನೆಯ ಬೆಳಿಗ್ಗೆ ನಾನು ಸೀದಾ ಮೇಲಿನ ಮಹಡಿಗೆ ಹೋದೆ. ಅಲ್ಲಿ ರೇಡಿಯೋ ಅಕ್ಕ ಇದ್ದಾರೆ. ರೇಡಿಯೋದಲ್ಲಿ ವಾರ್ತೆ ಓದುತ್ತಾರೆ, ಕಾರ್ಯಕ್ರಮ ನಡೆಸುತ್ತಾರೆ. ನಿಜವಾದ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ. ವಿಷಯ ತಿಳಿಸಿದೆ. ಕೈಯಲ್ಲಿದ್ದ ಟೀ ಲೋಟದ ಸಮೇತ ಇಳಿದು ಬಂದರು.

"ಏನಮ್ಮ, ಉಗ್ರಾಣಕ್ಕೆ ಹೊರಟಿದ್ದೀಯಂತೆ?"

"ನಂಗೆ ಮಾತು ಬರಲ್ಲ ಅಕ್ಕ. ನೀವು ಮಾತಿನ ಮನೇಲೇ ಇರೋರು, ನಿಮಗೆ ಅರ್ಥ ಆಗಲ್ಲ."

"ಹಾಗಂತ ಯಾರು ಹೇಳಿದ್ರು? ನಾನು ಕೆಲಸಕ್ಕೆ ಸೇರಿದಾಗ ಮೊದಲ ವಾರ್ತೆ ಓದಿ ಮುಗಿಸೋ ಹೊತ್ತಿಗೆ ಅರ್ಧ ಉಸಿರು ಹೋಗಿತ್ತು. ಆಗೆಲ್ಲ ರೆಕಾರ್ಡ್ ಮಾಡಿದ ಟೇಪನ್ನ ಬ್ಲೇಡಲ್ಲಿ ಕತ್ತರಿಸಿ ಅಂಟಿಸ್ತಿದ್ವಿ. ಅದು ಕೈಗೆ ಹತ್ತಿತು ಅನ್ನೋ ಹೊತ್ತಿಗೆ ಕಂಪ್ಯೂಟರ್ ಬಂತು. ನನ್ನ ಮಗಳ ವಯಸ್ಸಿನ ಹುಡುಗಿ ಪಕ್ಕ ಕೂತು ಕಲಿತೆ. ಮೊದಲ ದಿನ ಒಂದು ಗಂಟೆ ಕಾರ್ಯಕ್ರಮ ಅಳಿಸಿಹಾಕಿದ್ದೆ, ಗೊತ್ತಾ?"

ನನ್ನ ಸೊಸೆಗೆ ನಗು ಬಂತು. ಆದರೆ ಅವಳ ಮನಸ್ಸಿನಲ್ಲಿ ಬೇರೆಯೇ ಒಂದು ಮುಳ್ಳಿತ್ತು. ಅದನ್ನು ಆಗ ಹೊರಗೆ ತೆಗೆದಳು.

"ಅಕ್ಕ, ತೀರ್ಮಾನವನ್ನ ಮೊದಲೇ ಹೇಳಿಬಿಡೋದು ನಮ್ಮ ಕೆಲಸದಲ್ಲಿ ತಪ್ಪು. ಪುರಾವೆ ತೋರಿಸ್ದೆ 'ನೀರು ಕೆಟ್ಟದ್ದು' ಅಂದ್ಬಿಟ್ರೆ ಗಾಳಿಮಾತಿಗೂ ನನ್ನ ಮಾತಿಗೂ ಏನು ವ್ಯತ್ಯಾಸ?"

"ಪುರಾವೆ ಬಿಟ್ಬಿಡು ಅಂತ ಯಾರೂ ಹೇಳ್ತಿಲ್ಲ ಕಣೇ" ಅಂದರು ರೇಡಿಯೋ ಅಕ್ಕ. "ಪರೀಕ್ಷೆ ಮಾಡೋವಾಗ ಪುರಾವೆ ಮೊದಲು. ಹೇಳೋವಾಗ ವಿಷಯ ಮೊದಲು. ಬಂದೋರನ್ನ ಬಾಗಿಲು ತೆಗೆದು ಒಳಗೆ ಕರಿ, ಆಮೇಲೆ ಮನೆ ತೋರಿಸು. ನೀನು ಬಾಗಿಲಲ್ಲೇ ನಿಲ್ಲಿಸಿ ಇಟ್ಟಿಗೆ ಲೆಕ್ಕ ಒಪ್ಪಿಸ್ತಿದ್ದೀಯ. ಅವರು ಹೊರಟು ಹೋಗ್ತಾರೆ."

"ಮೊದಲು ಹೇಳಿದ್ರೆ ಕೇಳ್ತಾರಾ?"

"ಮೊದಲು ಹೇಳಿದ್ರೆ ಕಿವಿ ನೆಟ್ಟಗಾಗುತ್ತೆ. ಆಮೇಲೆ 'ಹೇಗೆ ಗೊತ್ತು?' ಅಂತ ಅವರೇ ಕೇಳ್ತಾರೆ. ಆಗ ಕೊಡು ನಿನ್ನ ಪುರಾವೆ. ಇನ್ನೊಂದು ಮಾತು. ಹೇಳಿದ ಮೇಲೆ 'ಅರ್ಥ ಆಯ್ತಾ?' ಅಂತ ಯಾವತ್ತೂ ಕೇಳ್ಬೇಡ. ಅರ್ಥ ಆಗದಿದ್ರೂ ಎಲ್ಲರೂ 'ಆಯ್ತು' ಅಂತಾರೆ. 'ನಾನು ಸರಿಯಾಗಿ ಹೇಳಿದ್ನಾ ನೋಡ್ಬೇಕು, ನಿಮಗೆ ಏನು ತಿಳೀತು ಒಂದ್ಸಲ ಹೇಳಿ' ಅಂತ ಕೇಳು."

"ಅಕ್ಕ, ಅದು ಪಾಠ ಒಪ್ಪಿಸು ಅಂದ ಹಾಗಾಗಲ್ವಾ? ದೊಡ್ಡೋರಿಗೆ ಬೇಜಾರಾಗುತ್ತೆ."

"ಪರೀಕ್ಷೆ ನಿನಗೆ ಕಣೇ, ಅವರಿಗಲ್ಲ. ಹಾಗಂತ ಮೊದಲೇ ಹೇಳಿಬಿಡು, ಬೇಜಾರಾಗಲ್ಲ. ಒಂದು ತಿಂಗಳು ಮಾಡಿ ನೋಡು. ಆಗದಿದ್ರೆ ನಾನೇ ನಿನ್ನನ್ನ ಕೈಹಿಡಿದು ಉಗ್ರಾಣಕ್ಕೆ ಬಿಟ್ಟು ಬರ್ತೀನಿ."

ಒಲ್ಲದ ಮನಸ್ಸಿನಿಂದ ಸೊಸೆ ಒಪ್ಪಿದಳು. ಆವತ್ತೇ ಸಂಜೆ ರೇಡಿಯೋ ಅಕ್ಕ ಅವಳನ್ನು ನಮ್ಮ ಮನೆಯ ಕೆಳಗಿನ ಕ್ಷೌರದ ಅಂಗಡಿಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ, ಇಂಥದ್ದನ್ನು ನಾನು ಬಿಡುವುದುಂಟೇ? ಕ್ಷೌರಿಕ ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ.

ಸೊಸೆ ಗಂಟಲು ಸರಿಮಾಡಿಕೊಂಡು ಹೇಳಿದಳು. "ಅಣ್ಣ, ನಲ್ಲಿ ನೀರು ಮಣ್ಣುಮಣ್ಣಾಗಿ ಬಂದ ದಿನ ಕುದಿಸದೆ ಕುಡೀಬೇಡಿ. ಅದ್ರಲ್ಲಿ ಸೂಕ್ಷ್ಮಜೀವಿ ಇರ್ಬಹುದು. ನಾನು ಸರಿಯಾಗಿ ಹೇಳಿದ್ನಾ ನೋಡ್ಬೇಕು. ನಿಮಗೆ ಏನು ತಿಳೀತು?"

"ತಿಳೀತು ಮೇಡಂ. ನೀರಲ್ಲಿ ಸಣ್ಣ ಹುಳ ಇರುತ್ತೆ. ಒಳ್ಳೇ ಬಟ್ಟೇಲಿ ಸೋಸಿ ಕುಡೀಬೇಕು."

ಸೊಸೆ ನನ್ನ ಮುಖ ನೋಡಿದಳು. ಕುದಿಸಿ ಅನ್ನುವ ಮಾತು ಇವಳ ಬಾಯಿಂದ ಹೊರಟು ಅವನ ತಲೆಗೆ ಮುಟ್ಟುವಷ್ಟರಲ್ಲಿ ಸೋಸುವುದಾಗಿ ಬದಲಾಗಿತ್ತು. ಗಡ್ಡಕ್ಕೆ ಹಚ್ಚಿಸಿಕೊಂಡವರು ನೊರೆಯೊಳಗಿನಿಂದಲೇ "ನಾನೂ ಬಟ್ಟೇಲೇ ಸೋಸೋದು" ಅಂದರು.

ಅವಳು ಮತ್ತೆ ಹೇಳಿದಳು. "ಅವು ಕಣ್ಣಿಗೆ ಕಾಣೋ ಹುಳ ಅಲ್ಲ ಅಣ್ಣ. ಎಂಥ ಬಟ್ಟೆ ಹಿಡಿದ್ರೂ ತೂರ್ಕೊಂಡು ಬರ್ತವೆ. ನೀರು ಕೊತಕೊತ ಕುದಿದ್ರೆ ಮಾತ್ರ ಸಾಯ್ತವೆ." ಈ ಸಲ ಕ್ಷೌರಿಕ ಸರಿಯಾಗಿ ಹೇಳಿದ. ಹೇಳಿದ್ದಷ್ಟೇ ಅಲ್ಲ, ಅಂಗಡಿಗೆ ಬಂದವರಿಗೆಲ್ಲ ಹೇಳಿ, ಅವರ ಬಾಯಿಂದ ಮತ್ತೆ ಹೇಳಿಸಿ, ಆಮೇಲೇ ಕುರ್ಚಿಯಿಂದ ಎಬ್ಬಿಸತೊಡಗಿದ. ಕತ್ತಿ ಅವನ ಕೈಯಲ್ಲಿರುವಾಗ ಯಾರು ತಾನೇ ಒಲ್ಲೆ ಅನ್ನುತ್ತಾರೆ!

ತಂತ್ರಾಂಶದ ಕಲಿಕೆ ಇಷ್ಟು ಸಲೀಸಾಗಿರಲಿಲ್ಲ. ಲ್ಯಾಬಿನಲ್ಲಿ ಅದನ್ನು ಚೆನ್ನಾಗಿ ಬಲ್ಲವಳು ಇವಳ ಕಿರಿಯ ಸಹೋದ್ಯೋಗಿ. ಆ ಹುಡುಗಿಗೆ ನೀರಿನ ಕೆಲಸ ಕಲಿಸಿದವಳು ಇವಳೇ. ಈಗ ಅವಳ ಪಕ್ಕ ಕೂತು "ಇದು ಹೇಗೆ?" ಅಂತ ಕೇಳಲು ಇವಳಿಗೆ ಮುಜುಗರ. ಎರಡು ದಿನ ಹೋಗಿ ಹೋಗಿ ವಾಪಸ್ ಬಂದಳು. ಮೂರನೆಯ ದಿನ ಕೇಳಿಯೇಬಿಟ್ಟಳು. ಆ ಹುಡುಗಿ ಖುಷಿಯಿಂದ ಕುರ್ಚಿ ಎಳೆದು ಹಾಕಿ, "ನಿಮ್ಮ ಹತ್ರ ನಾನೂ ಒಂದು ಕೇಳ್ಬೇಕಿತ್ತು ಮೇಡಂ, ಧೈರ್ಯ ಬಂದಿರಲಿಲ್ಲ" ಅಂದಳಂತೆ. ಅಲ್ಲಿಂದ ಇಬ್ಬರೂ ಒಬ್ಬರಿಗೊಬ್ಬರು ಮೇಷ್ಟ್ರು.

ಒಂದೇ ಸಲ ಎಲ್ಲ ಕಲಿಯಲು ಹೋಗಬೇಡ ಅಂತ ರೇಡಿಯೋ ಅಕ್ಕ ಮೊದಲೇ ಹೇಳಿದ್ದರು. ಸ್ವಲ್ಪ ಕಲಿ, ಅವತ್ತೇ ಕೆಲಸದಲ್ಲಿ ಬಳಸು, ಸಂಜೆ ಮನೆಯಲ್ಲಿ ಯಾರಿಗಾದರೂ ಕಲಿಸು. ಆ 'ಯಾರಿಗಾದರೂ' ನಾನೇ ಆದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅಂಕಿ ಹಾಕಿದರೆ ಗೆರೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅಂತ ತೋರಿಸುತ್ತಿದ್ದಳು. ಅತ್ತೆಗೆ ಅರ್ಥವಾದರೆ ಇನ್ನು ಯಾರಿಗೆ ಬೇಕಾದರೂ ಅರ್ಥವಾಗುತ್ತದೆ ಅನ್ನುವುದು ಅವಳ ಲೆಕ್ಕ. ನನಗೇನೋ ಅದು ಹೊಗಳಿಕೆಯ ಹಾಗೆ ಕೇಳಲಿಲ್ಲ. ಆದರೂ ಬಿಡದೆ ಪ್ರಶ್ನೆ ಕೇಳಿದೆ. "ಈ ಗೆರೆ ಯಾಕೆ ಕೆಂಪು? ಇದು ಏರಿದ್ರೆ ಒಳ್ಳೇದಾ, ಕೆಟ್ಟದ್ದಾ? ಮೊದಲು ಅದನ್ನ ಬರಿ." ನನ್ನ ಕಾಟಕ್ಕೆ ಅವಳು ಪ್ರತಿ ಚಿತ್ರದ ಮೇಲೂ ಒಂದು ಸಾಲು ಬರೆಯಲು ಕಲಿತಳು. ಈ ಸಾಲನ್ನು ಈಗ ಲ್ಯಾಬಿನಲ್ಲಿ ಎಲ್ಲರೂ ಬರೆಯುತ್ತಾರಂತೆ. ಅದು ನನ್ನದು, ಮರೆಯಬೇಡಿ.

ಮಗ ಇದನ್ನೆಲ್ಲ ಓರೆಗಣ್ಣಿನಲ್ಲಿ ನೋಡುತ್ತಿದ್ದ. "ಮನೆಯೇ ಶಾಲೆಯಾಯ್ತು" ಅಂತ ಮೂಗು ಮುರಿಯುತ್ತಿದ್ದ. "ನಿಜವಾದ ಕಾಲ್ ಬರ್ಲಿ, ಆಗ ನೋಡೋಣ."

ನಿಜವಾದ ಕಾಲ್ ಬಂದದ್ದು ಒಂದು ರಜೆಯ ಬೆಳಿಗ್ಗೆ. ನಮ್ಮ ಊರಿಗೆ ಎರಡು ಟ್ಯಾಂಕುಗಳು. ಒಂದು ದಿಬ್ಬದ ಮೇಲಿದೆ, ಇನ್ನೊಂದು ಮಾರುಕಟ್ಟೆಯ ಪಕ್ಕ. ಮಾರುಕಟ್ಟೆಯ ಹತ್ತಿರ ರಸ್ತೆ ಅಗೆದಿದ್ದರಿಂದ ಜನರ ದೂರೆಲ್ಲ ಆ ಟ್ಯಾಂಕಿನ ಮೇಲೇ ಇತ್ತು. ಆದರೆ ಲ್ಯಾಬಿನಲ್ಲಿದ್ದ ಕಿರಿಯ ಸಹೋದ್ಯೋಗಿ ಕಳಿಸಿದ ಫಲಿತಾಂಶದಲ್ಲಿ ಕೆಟ್ಟಿದ್ದದ್ದು ದಿಬ್ಬದ ಟ್ಯಾಂಕಿನ ನೀರು. ನನ್ನ ಸೊಸೆ ಅಂಕಿಗಳನ್ನು ಎರಡೆರಡು ಸಲ ನೋಡಿದಳು. ಮುಖ್ಯಸ್ಥರಿಗೆ ತಿಳಿಸಿದಳು. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ವಿಡಿಯೋ ಕಾಲಿಗೆ ಬಂದರು. ಮುಖ್ಯಸ್ಥರು, ಆಸ್ಪತ್ರೆಯ ಡಾಕ್ಟರು, ಅಂದು ಫೋನ್ ಇಟ್ಟಿದ್ದ ಅದೇ ಇಂಜಿನಿಯರು.

ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ. ಒಂದೇ ಟವೆಲನ್ನು ಎಷ್ಟು ಸಲ ಮಡಚಿ ಬಿಚ್ಚಿದೆನೋ ನನಗೇ ಗೊತ್ತಿಲ್ಲ. ಮಗ ಆಚೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ, ಪುಟ ಮಾತ್ರ ತಿರುಗುತ್ತಿರಲಿಲ್ಲ.

ಸೊಸೆ ಒಮ್ಮೆ ಉಸಿರೆಳೆದುಕೊಂಡು ಮಾತು ಶುರುಮಾಡಿದಳು.

"ಎಲ್ಲರಿಗೂ ನಮಸ್ಕಾರ. ದಿಬ್ಬದ ಟ್ಯಾಂಕಿನ ನೀರು ಕುಡಿಯೋಕೆ ಯೋಗ್ಯ ಅಲ್ಲ. ಅದನ್ನ ಬಿಡೋದು ಈಗಲೇ ನಿಲ್ಲಿಸ್ಬೇಕು. ಆ ನೀರು ಹಿಡಿದಿಟ್ಟಿರೋರು ಕುದಿಸದೆ ಕುಡೀಬಾರದು."

ಅಷ್ಟೇ. ನಾನು ಟವೆಲ್ ಕೆಳಗಿಟ್ಟೆ.

"ಖಚಿತಾನಾ ಮೇಡಂ?" ಇಂಜಿನಿಯರ ಧ್ವನಿಯಲ್ಲಿ ಗಾಬರಿಯಿತ್ತು. "ನಿಲ್ಲಿಸಿದ್ರೆ ಅರ್ಧ ಊರಿಗೆ ತೊಂದ್ರೆ. ರಜೆ ದಿನ ಬೇರೆ. ಜನ ನನ್ನ ಮೇಲೆ ಬೀಳ್ತಾರೆ."

"ಒಂದೇ ಮಾದರಿ ನೋಡಿ ನೂರಕ್ಕೆ ನೂರು ಅಂತ ಹೇಳೋಕೆ ಬರಲ್ಲ ಸರ್. ಎರಡನೇ ಮಾದರಿ ಇವತ್ತೇ ತೆಗೀತೀವಿ, ನಾಳೆ ಗೊತ್ತಾಗುತ್ತೆ. ಆದ್ರೆ ಈ ಗೆರೆ ನೋಡಿ. ಇದು ಟ್ಯಾಂಕಲ್ಲಿ ಉಳಿದಿರೋ ಕ್ಲೋರಿನ್. ವಾರದಿಂದ ಇಳೀತಾನೇ ಇದೆ. ಕಾಯೋದು ಬೇಡ ಅಂತ ನನ್ನ ಅಭಿಪ್ರಾಯ. ನೀರು ನಿಲ್ಲಿಸಿ, ನಾನು ತಪ್ಪು ಅಂತಾದ್ರೆ ಜನಕ್ಕೆ ಒಂದು ದಿನ ತೊಂದ್ರೆ. ನಿಲ್ಲಿಸ್ದೆ, ನಾನು ಸರಿ ಅಂತಾದ್ರೆ ಡಾಕ್ಟರ ಹತ್ರ ಹಾಸಿಗೆ ಸಾಲಲ್ಲ."

ಡಾಕ್ಟರು "ಅವರು ಹೇಳೋದು ಸರಿ" ಅಂದರು. ಇಂಜಿನಿಯರು "ಆಯ್ತು ಮೇಡಂ, ಈಗಲೇ ನಮ್ಮವರನ್ನ ಕಳಿಸ್ತೀನಿ" ಅಂದರು. ಎಲ್ಲರೂ ಹೊರಡುವ ಆತುರದಲ್ಲಿದ್ದರು.

"ಸರ್, ಒಂದು ನಿಮಿಷ" ಅಂದಳು ನನ್ನ ಸೊಸೆ. "ನಾನು ಸರಿಯಾಗಿ ಹೇಳಿದ್ನಾ ನೋಡ್ಬೇಕು. ಈಗ ಏನ್ ಮಾಡ್ತೀರಿ ಅಂತ ಒಂದ್ಸಲ ಹೇಳ್ತೀರಾ?"

ಮಗ ತಲೆಯೆತ್ತಿ ನನ್ನ ಕಡೆ ನೋಡಿದ. ಇಂಜಿನಿಯರಿಗೇ ಪಾಠ ಒಪ್ಪಿಸಲು ಹೇಳುತ್ತಿದ್ದಾಳಲ್ಲ ಅನ್ನುವ ಭಯ ಅವನ ಮುಖದಲ್ಲಿತ್ತು. ಇಂಜಿನಿಯರು ನಕ್ಕರು. "ಏನಿದೆ ಮೇಡಂ? ನಮ್ಮವರು ಹೇಗೂ ಅಲ್ಲೇ ಇದ್ದಾರೆ. ಮಾರುಕಟ್ಟೆ ಟ್ಯಾಂಕಿನ ವಾಲ್ವ್ ಮುಚ್ಚಿಸಿ, ಇಡೀ ಊರಿಗೆ ದಿಬ್ಬದಿಂದ ನೀರು ಬಿಡಿಸ್ತೀನಿ."

ಸೊಸೆ ಕೂಡಲೇ ತಡೆದಳು.

"ಸರ್, ಮಾರುಕಟ್ಟೆ ಟ್ಯಾಂಕ್ ಚೆನ್ನಾಗಿದೆ. ಮುಚ್ಚಬೇಕಾದ್ದು ದಿಬ್ಬದ್ದು."

"ಅಯ್ಯೋ!" ಅಂದರು ಇಂಜಿನಿಯರು. ಆ ಧ್ವನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ವಾರದಿಂದ ದೂರು ಕೇಳಿ ಕೇಳಿ ಅವರ ತಲೆಯಲ್ಲಿ ಮಾರುಕಟ್ಟೆ ಟ್ಯಾಂಕೇ ಕೂತಿತ್ತು. ಕಿವಿಗೆ ದಿಬ್ಬ ಬಿದ್ದರೂ ಮನಸ್ಸು ಮಾರುಕಟ್ಟೆಗೆ ಹೋಗಿತ್ತು. ಅವರು ಹೇಳಿದ ಹಾಗೇ ಮಾಡಿದ್ದರೆ ಒಳ್ಳೆಯ ನೀರು ನಿಂತು, ಕೆಟ್ಟ ನೀರು ಮನೆಮನೆಗೂ ಹರಿಯುತ್ತಿತ್ತು. ಅವರು ಮತ್ತೊಮ್ಮೆ ಹೇಳಿದರು, ಈ ಸಲ ನಿಧಾನವಾಗಿ. ದಿಬ್ಬದ ಟ್ಯಾಂಕು ಮುಚ್ಚುವುದು, ಮಾರುಕಟ್ಟೆಯದರಿಂದ ಸರದಿಯ ಮೇಲೆ ಬಿಡುವುದು, ದಿಬ್ಬದ ಕಡೆಯ ಬೀದಿಗಳಲ್ಲಿ ಮೈಕಿನಲ್ಲಿ ಕೂಗಿಸುವುದು. "ಈಗ ಸರಿ ಸರ್" ಅಂದಳು ನನ್ನ ಸೊಸೆ.

ಮಧ್ಯಾಹ್ನದ ಹೊತ್ತಿಗೆ ಕೆಲಸದವರು ದಿಬ್ಬದ ಟ್ಯಾಂಕು ಹತ್ತಿ ನೋಡಿದರು. ಮುಚ್ಚಳ ಜರುಗಿಹೋಗಿ ಒಳಗೆ ಪಾರಿವಾಳಗಳು ಬಿದ್ದು ಸತ್ತಿದ್ದವು. ಮಾರನೆಯ ದಿನ ಎರಡನೆಯ ಮಾದರಿಯೂ ಅದನ್ನೇ ಹೇಳಿತು. ಆ ವಾರ ಆ ನೀರು ಕುಡಿದು ಹೊಟ್ಟೆ ಕೆಟ್ಟಿತು ಅಂತ ಒಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಊರಿನವರಿಗೆ ಒಂದೆರಡು ದಿನ ಬಕೆಟ್ ಹೊತ್ತ ಕೈನೋವು ಮಾತ್ರ. ಅದಕ್ಕೆ ಬೈದುಕೊಂಡವರೂ ಇದ್ದರು, ಬೈಯಲಿ ಬಿಡಿ. ಬೈಯಲು ಎಲ್ಲರೂ ಗಟ್ಟಿಮುಟ್ಟಾಗಿ ಉಳಿದಿದ್ದರಲ್ಲ!

ಎರಡನೆಯ ಫಲಿತಾಂಶ ಬಂದ ಸಂಜೆ ಇಂಜಿನಿಯರು ಫೋನ್ ಮಾಡಿದರು. "ಮೇಡಂ, ವಿಷಯ ಮೊದಲು ಹೇಳಿಬಿಡ್ತೀನಿ. ನೀವು ನಮ್ಮ ಕಚೇರಿಗೆ ಬಂದು ನಮ್ಮೋರಿಗೆಲ್ಲ ಹೀಗೆ ಮಾತಾಡೋದು ಕಲಿಸ್ಬೇಕು. ಯಾಕೆ ಅನ್ನೋದು ನಿಮಗೇ ಗೊತ್ತು." ನಾನು ಕೇಳಿದೆ, "ಏನೇ, ಉಗ್ರಾಣದ ಮಾತು ಏನಾಯ್ತು?" ಅಂತ. "ಯಾವ ಉಗ್ರಾಣ ಅತ್ತೆ?" ಅಂದಳು ಕಳ್ಳಿ.

ಮಗ ಆವತ್ತು ಹೆಂಡತಿಗೆ ತಾನೇ ಟೀ ಮಾಡಿ ತಂದುಕೊಟ್ಟ. ಮಾರನೆಯ ವಾರ ಅವನ ಶಾಲೆಯ ತರಬೇತಿ ಇತ್ತು. ಬೆನ್ನುನೋವು ಎತ್ತ ಹೋಯಿತೋ, ಎಲ್ಲರಿಗಿಂತ ಮುಂಚೆ ಹೋಗಿ ಮೊದಲ ಸಾಲಿನಲ್ಲಿ ಕೂತಿದ್ದನಂತೆ. ಈಗ ತರಗತಿಯಲ್ಲಿ "ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟಿದ್ದಾನೆ. "ಅಮ್ಮ, ಇಷ್ಟು ವರ್ಷ ಎಲ್ಲರೂ ಆಯ್ತು ಅಂತಿದ್ರು. ಈಗ ಹೇಳಿಸಿ ನೋಡಿದ್ರೆ ಅರ್ಧ ತರಗತಿಗೆ ಭಿನ್ನರಾಶಿಯೇ ಬರಲ್ಲ" ಅಂತ ಒಂದು ಸಂಜೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಈಗಲಾದರೂ ಗೊತ್ತಾಯಿತಲ್ಲ ಅಂತ ಬೆನ್ನು ತಟ್ಟಿದೆ.

ಸೊಸೆ ಇಂಜಿನಿಯರುಗಳಿಗೆ ಕಲಿಸಿದ ದಿನ ನಾನೂ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತೆ. ದೊಡ್ಡ ದೊಡ್ಡ ಓದು ಓದಿದವರು ಪೆನ್ನು ಹಿಡಿದು ಅವಳ ಮಾತು ಬರೆದುಕೊಳ್ಳುತ್ತಿದ್ದರು. ಅವಳು ಎಲ್ಲೂ ತಡವರಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ಕಡೆ ತಡವರಿಸಿದಳು, ನೀರು ಕುಡಿದಳು, ಮುಂದುವರಿಸಿದಳು. ಪಕ್ಕದಲ್ಲಿ ಕೂತಿದ್ದವರು "ಯಾರಮ್ಮ ಇವರು? ಎಷ್ಟು ಚೆನ್ನಾಗಿ ಹೇಳ್ತಾರೆ!" ಅಂದರು. "ನನ್ನ ಸೊಸೆ" ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ನನ್ನ ಎದೆ ಅವತ್ತು ಉಬ್ಬಿದಷ್ಟು ಯಾವತ್ತೂ ಉಬ್ಬಿರಲಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ನೀವು ಆಸ್ಪತ್ರೆಯಲ್ಲಿರಬಹುದು, ಬ್ಯಾಂಕಿನಲ್ಲಿರಬಹುದು, ಶಾಲೆಯಲ್ಲೋ ಕಾರ್ಖಾನೆಯ ಕಚೇರಿಯಲ್ಲೋ ಇರಬಹುದು. ತಲೆಯಲ್ಲಿರುವ ತಿಳಿವಳಿಕೆಯೇ ನಿಮ್ಮ ದುಡಿಮೆ. ಹೊಸ ಯಂತ್ರ ಬಂತು, ಹೊಸ ಪದ್ಧತಿ ಬಂತು ಅಂತ ಮೂಲೆ ಸೇರಬೇಡಿ. ನಿಮಗಿಂತ ಚಿಕ್ಕವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳಿ. ಕಲಿತದ್ದು ಸ್ವಲ್ಪವಾದರೂ ಸರಿ, ಅವತ್ತೇ ಬಳಸಿ, ಮನೆಯಲ್ಲಿ ನನ್ನಂಥ ಒಬ್ಬ ಮುದುಕಿ ಇದ್ದರೆ ಅವಳಿಗೆ ಕಲಿಸಿ. ಹೇಳಬೇಕಾದ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ. ನಿಮಗೆ ಗೊತ್ತಿರುವುದು ನಿಮ್ಮಲ್ಲೇ ಉಳಿದರೆ ಅದರಿಂದ ಯಾರ ಮನೆಯ ಮಗುವಿಗೂ ಉಪಯೋಗವಿಲ್ಲ.

ನಾಳೆ ಕೆಲಸಕ್ಕೆ ಹೋದಾಗ ಒಬ್ಬರಿಗೆ ಒಂದು ಮುಖ್ಯವಾದ ವಿಷಯ ಹೇಳಿ. ಆಮೇಲೆ ಅವರ ಬಾಯಿಂದಲೇ ಅದನ್ನು ಕೇಳಿಸಿಕೊಳ್ಳಿ. ಅವರು ತಪ್ಪಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಇನ್ನೂ ಯಾರೂ ಆ ನೀರು ಕುಡಿದಿಲ್ಲ, ಸರಿಪಡಿಸಲು ಸಮಯವಿದೆ.